ಅಪ್ಪನ ಗಿರಣಿಯ ಕರೆಂಟ್ ಠೇವಣಿ ಇನ್ನೂ ವಾಪಸ್ ತಗೊಂಡಿಲ್ಲ, ಈಗ ಕೇಳಿದರೆ ಸಿಗ್ತದಾ?

ಕೋಡಿಬಾಗದವಳು
ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ಹೆದ್ದಾರಿ ಬದಿಗೆ ಅಪ್ಪನ ಹಿಟ್ಟಿನ ಗಿರಣಿ ಇತ್ತು. ರಸ್ತೆ ಅಗಲ ಮಾಡುವಾಗ ಆ ಸಾಲು ಪೂರ್ತಿ ಹೋಯಿತು, ಗಿರಣಿಯೂ ಹೋಯಿತು. ಅಪ್ಪ ಕೊನೆಯ ಬಿಲ್ಲು ಕಟ್ಟಿ, ಮೀಟರ್ ಬಿಚ್ಚಿಸಿ ಕೈತೊಳೆದುಕೊಂಡರು. 2021ರಲ್ಲಿ ಅಪ್ಪ ತೀರಿಕೊಂಡರು.

ಮೊನ್ನೆ ಆಯಿಯ ಟ್ರಂಕ್ ಸ್ವಚ್ಛ ಮಾಡುವಾಗ ಬಿಸ್ಕಿಟ್ ಡಬ್ಬಿಯೊಳಗೆ ಒಂದು ಕೆಇಬಿ ರಸೀದಿ ಸಿಕ್ಕಿತು. 1991ರದ್ದು. ನೀಲಿ ಶಾಯಿಯಲ್ಲಿ "ಠೇವಣಿ" ಎಂದು ಬರೆದದ್ದು ಓದಲಿಕ್ಕೆ ಬರ್ತದೆ, ಮೊತ್ತ ರೂ. 1,250. ಆದರೆ ಆರ್.ಆರ್. ನಂಬರ್ ಬರೆದ ಮೂಲೆಯನ್ನು ಗೆದ್ದಲು ತಿಂದಿದೆ. ಕಚೇರಿಗೆ ಹೋಗಿ ಕೇಳಿದೆ. ನಂಬರ್ ಇಲ್ಲದೆ ಹುಡುಕಲಿಕ್ಕೆ ಆಗೋದಿಲ್ಲ ಅಂದರು. ಇಷ್ಟು ವರ್ಷದ ಮೇಲೆ ಈ ದುಡ್ಡು ಬರ್ತದಾ? ದೊಡ್ಡ ಮೊತ್ತ ಅಲ್ಲ, ಗೊತ್ತು. ಆದರೆ ಅಪ್ಪ ಗಿರಣಿ ಶುರು ಮಾಡಿದಾಗ ಬೆಳಿಗ್ಗೆ ಐದಕ್ಕೆ ಎದ್ದು ಬೆಲ್ಟ್ ಏರಿಸಿ ದುಡಿದು ಕಟ್ಟಿದ ದುಡ್ಡು ಅದು.

ಕುಮಟಾ ಪೇಟೆ
ಹೋದದ್ದು ಹೋಯಿತು ಅಂತ ಬಿಟ್ಟುಬಿಡಿ ಅಕ್ಕ. ಮೂರು ವರ್ಷ ದಾಟಿದ ಮೇಲೆ ಯಾವ ಬಾಕಿಯೂ ಕೇಳಲಿಕ್ಕೆ ಬರೋದಿಲ್ಲ.

ಕೋರ್ಟ್ ರಸ್ತೆ
ಕುಮಟಾದವರೇ, ಹಾಗೆ ಒಂದೇ ಮಾತಲ್ಲಿ ಹೇಳಬೇಡಿ. ಕೇಳಿದಾಗ ಕೊಡಬೇಕು ಎಂಬ ಒಪ್ಪಂದದ ಮೇಲೆ ಇಟ್ಟ ಠೇವಣಿಗೆ ಕಾಲಮಿತಿ ಕಾಯ್ದೆಯ 22ನೇ ಅನುಚ್ಛೇದ ಅಂತ ಇದೆ. ಅಲ್ಲಿ ಮೂರು ವರ್ಷ ಎಣಿಸೋದು ದುಡ್ಡು ಕಟ್ಟಿದ ದಿನದಿಂದಲ್ಲ, ವಾಪಸ್ ಕೇಳಿದ ದಿನದಿಂದ. ಕರೆಂಟ್ ಠೇವಣಿಯೂ ಅದರೊಳಗೇ ಬರ್ತದೆ ಅನ್ನೋದು ನನ್ನ ವಾದ. ವಿದ್ಯುತ್ ಕಾಯ್ದೆ 2003ರ 47(4)ನೇ ಕಲಂ ನೋಡಿ: ಠೇವಣಿಗೆ ಬ್ಯಾಂಕ್ ದರಕ್ಕೆ ಕಡಿಮೆಯಾಗದಂತೆ ಬಡ್ಡಿ ಕೊಡಬೇಕು, ಠೇವಣಿ ಇಟ್ಟವರು ಕೋರಿದಾಗ ವಾಪಸ್ ಕೊಡಬೇಕು. "ಕೋರಿದಾಗ" ಅನ್ನೋದೇ ಅಲ್ಲಿ ಮುಖ್ಯ. ಇವರ ಅಪ್ಪ ಕೇಳಿಯೇ ಇಲ್ಲ.

ಹಾಗಾಗಿ ಬಾಯಿಮಾತಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಕುಮಟಾ ಪೇಟೆ
ಸರಿ ವಕೀಲರೇ, ಆದರೆ ಬಾಕಿಗೆ ಎರಡು ವರ್ಷ ಅಂತ ಎಲ್ಲೋ ಓದಿದ್ದೆನಲ್ಲ?

ಕೋರ್ಟ್ ರಸ್ತೆ
ಅದು ಅದೇ ವಿದ್ಯುತ್ ಕಾಯ್ದೆಯ 56(2). ಕಂಪನಿ ಗ್ರಾಹಕನಿಂದ ಹಳೆ ಬಾಕಿ ವಸೂಲಿ ಮಾಡೋದಕ್ಕೆ ಇರುವ ಮಿತಿ. ಬಾಕಿ ಮೊದಲು ಬಂದ ದಿನದಿಂದ ಎರಡು ವರ್ಷ, ಬಿಲ್ಲಿನಲ್ಲಿ ಅದನ್ನು ಬಿಡದೆ ತೋರಿಸಿಕೊಂಡು ಬಂದಿದ್ದರೆ ಮಾತು ಬೇರೆ. ಗ್ರಾಹಕನ ಠೇವಣಿಗೂ ಅದಕ್ಕೂ ಸಂಬಂಧ ಇಲ್ಲ. ಎರಡನ್ನೂ ಕಲಸಬೇಡಿ.

ಶಿರಸಿ ಅಡಿಕೆ
ಎಂಗ್ಳ ಮನೆಲೂ ಹಿಂಗೇ ಆಗಿತ್ತು. ಆನು ಕೇಳಿದ್ದೇ ಇಲ್ಲೆ.

ಹಳೆ ಮೀಟರ್ ರೀಡರ್
ತಂಗಿ, ನಾನು ಕೆಇಬಿ ಕಾಲದಲ್ಲಿ ಸೇರಿ, 1999ರಲ್ಲಿ ಕೆಪಿಟಿಸಿಎಲ್ ಆದದ್ದು, 2002ರ ಜೂನ್‌ನಲ್ಲಿ ಕರೆಂಟ್ ಹಂಚುವ ಎಸ್ಕಾಂ ಕಂಪನಿಗಳಾದದ್ದು, ಎಲ್ಲ ನೋಡಿ ನಿವೃತ್ತನಾದವನು. ಬೋರ್ಡಿನ ಹೆಸರು ಬದಲಾಯಿತು ಅಂತ ಗ್ರಾಹಕನ ಖಾತೆ ಅಳಿಸಿ ಹೋಗೋದಿಲ್ಲ. ಕೆಇಬಿ ರಸೀದಿ ಅಂದ್ರೆ ಕೆಲಸಕ್ಕೆ ಬಾರದ ಕಾಗದ ಅಂತ ತಿಳಿಯಬೇಡ.

ಈಗ ನಂಬರಿನ ವಿಷಯ. ಆರ್.ಆರ್. ಅಂದ್ರೆ ರೆವಿನ್ಯೂ ರಿಜಿಸ್ಟರ್. ಆ ರಿಜಿಸ್ಟರಿನ ಅನುಕ್ರಮದಲ್ಲಿ ನಿಮ್ಮ ಸ್ಥಾವರಕ್ಕೆ, ಅಂದ್ರೆ ಕರೆಂಟ್ ಸಂಪರ್ಕಕ್ಕೆ, ಬಂದ ನಂಬರ್ ಅದು. ಹಳೆ ಲೆಡ್ಜರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ನಮ್ಮ ಕಾಲದಲ್ಲಿ ಮೀಟರ್ ಕೂರಿಸಿದ ಮರದ ಹಲಗೆಯ ಮೇಲೆ, ಇಲ್ಲವೇ ಪಕ್ಕದ ಗೋಡೆ ಮೇಲೆ ಬಿಳಿ ಬಣ್ಣದಲ್ಲಿ ಆ ನಂಬರ್ ಬರೀತಿದ್ದೆವು, ರೀಡಿಂಗಿಗೆ ಬಂದವನಿಗೆ ತಪ್ಪಬಾರದು ಅಂತ. ಆ ಹಲಗೆ ಏನಾಯ್ತು ಅಂತ ಮನೆಯಲ್ಲಿ ಕೇಳು.

ಅದೂ ಸಿಗದಿದ್ದರೆ ಇನ್ನೊಂದು ದಾರಿ. ಗಿರಣಿಯ ಅಕ್ಕಪಕ್ಕ ಯಾರ ಅಂಗಡಿ ಇತ್ತು? ಒಟ್ಟಿಗೆ ಕರೆಂಟ್ ತಗೊಂಡವರ ನಂಬರುಗಳು ಹತ್ತಿರ ಹತ್ತಿರ ಇರ್ತವೆ. ಅವರ ಹಳೆ ಬಿಲ್ ಒಂದು ಸಿಕ್ಕರೆ ಅದರ ಹಿಂದೆಮುಂದೆ ಹತ್ತು ಹಾಳೆ ತಿರುವಿದರೆ ನಿಮ್ಮಪ್ಪನ ಹೆಸರು ಸಿಗೋ ಸಾಧ್ಯತೆ ದೊಡ್ಡದು. ನಾನೇ ಎಷ್ಟೋ ಜನರದ್ದು ಹೀಗೆ ಹುಡುಕಿ ಕೊಟ್ಟಿದ್ದೇನೆ.

ಕೋಡಿಬಾಗದವಳು
ಅಯ್ಯೋ ಅಣ್ಣಾ, ಹಲಗೆ ವಿಷಯ ನನಗೆ ಹೊಳೆದೇ ಇರಲಿಲ್ಲ! ಆಯಿಯನ್ನು ಕೇಳ್ತೇನೆ.

ಹೊನ್ನಾವರ ಬಂದರು
ಮೂಲ ರಸೀದಿ ಇದ್ದರೇ ಕೊಡೋದು. ಇದರಲ್ಲಿ ಎರಡು ಮಾತಿಲ್ಲ. ನಮ್ಮ ಮಾವನಿಗೆ ಹಾಗೇ ಹೇಳಿ ವಾಪಸ್ ಕಳಿಸಿದ್ದರು.

ಹಳೆ ಮೀಟರ್ ರೀಡರ್
ರಸೀದಿ ಇದ್ದರೆ ಕೆಲಸ ಸಲೀಸು, ಹೌದು. ಇಲ್ಲದಿದ್ದರೆ ಛಾಪಾ ಕಾಗದದ ಮೇಲೆ ಇಂಡೆಮ್ನಿಟಿ ಬಾಂಡ್ ಬರೆದುಕೊಡೋ ಪದ್ಧತಿ ಅದೆ: ರಸೀದಿ ಕಳೆದಿದೆ, ಮುಂದೆ ಬೇರೆ ಯಾರಾದರೂ ಅದೇ ರಸೀದಿ ಹಿಡಿದು ಬಂದರೆ ನಾನು ಹೊಣೆ, ಅಂತ. ಮಾವ ಅಷ್ಟಕ್ಕೇ ವಾಪಸ್ ಬಂದದ್ದು ತಪ್ಪು. ದುಡ್ಡಿನ ಲೆಕ್ಕ ಇರೋದು ಲೆಡ್ಜರಿನಲ್ಲಿ. ನಿಮ್ಮ ಕೈಲಿರೋದು ಅದರ ಗುರುತು ಮಾತ್ರ.

ಹೊನ್ನಾವರ ಬಂದರು
ಹಾಗಾದ್ರೆ ಮಾವನಿಗೆ ಇನ್ನೊಮ್ಮೆ ಹೋಗಲಿಕ್ಕೆ ಹೇಳ್ತೇನೆ. ಅವರದ್ದು ಐಸ್ ಕಾರ್ಖಾನೆ, ಮೊತ್ತ ಸಣ್ಣದಲ್ಲ.

ಯಲ್ಲಾಪುರ ಘಟ್ಟ
ಠೇವಣಿ ಎಷ್ಟು ಅಂತ ಗೊತ್ತಿಲ್ಲದವರಿಗೆ ಒಂದು ಉಪಾಯ. ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ ಠೇವಣಿ ಮೇಲಿನ ಬಡ್ಡಿ ಅಂತ ಜಮಾ ಬರ್ತದಲ್ಲ, ಅದು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಲೆಕ್ಕ. 2023ರ ಏಪ್ರಿಲ್‌ನಲ್ಲಿ ಆ ದರ ಶೇ. 6.75 ಇತ್ತು. ಆ ವರ್ಷದ ಬಡ್ಡಿ ಅಂತ ರೂ. 405 ಜಮಾ ಬಂದಿದ್ದರೆ ನಿಮ್ಮ ಠೇವಣಿ ರೂ. 6,000 ಅಂತ ಆಯಿತು. ಹಳೆ ಬಿಲ್ಲಿನ ಕಟ್ಟು ಇದ್ದವರು ಈ ಸಾಲನ್ನು ಹುಡುಕಿ. ನಾನು ಅಜ್ಜನ ಮನೆಯದ್ದು ಹೀಗೇ ಲೆಕ್ಕ ಹಾಕಿ ಅರ್ಜಿಯಲ್ಲಿ ಬರೆದೆ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಹನ್ನೊಂದು ರೂಪಾಯಿ ವ್ಯತ್ಯಾಸ ಬಂತು ಅಷ್ಟೇ.

ಬೈತಖೋಲ್
ಅದ್ಭುತ ಲೆಕ್ಕ ಮಾರಾಯ್ರೆ! ಬಿಲ್ಲಲ್ಲಿ ಆ ಸಾಲು ನೋಡಿದ್ದೆ, ಅದೆಂತದು ಅಂತ ಯಾವತ್ತೂ ಕೇಳಿರಲಿಲ್ಲ.

ಮಲ್ಲಾಪುರ ಕ್ವಾರ್ಟರ್ಸ್
ನಂದೊಂದು ಪ್ರಶ್ನೆ. ಕಾರವಾರದಲ್ಲಿ ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆ. ನಡುವೆ ಹೆಚ್ಚುವರಿ ಠೇವಣಿ ಕಟ್ಟಿ ಅಂತ ನೋಟಿಸ್ ಬಂದಾಗ ಮಾಲಕರು "ಕರೆಂಟ್ ಉರಿಸೋದು ನೀವು, ನೀವೇ ಕಟ್ಟಿ" ಅಂದರು. ಕಟ್ಟಿದೆ, ರೂ. 2,300. ಈಗ ಮನೆ ಬಿಟ್ಟಾಯಿತು. ಆ ದುಡ್ಡು ಯಾರದ್ದು?

ಕುಮಟಾ ಪೇಟೆ
ಮಾಲಕರದ್ದು. ಮೀಟರ್ ಯಾರ ಹೆಸರಲ್ಲಿದೆಯೋ ಅವರದ್ದೇ.

ಕಾಜುಬಾಗ್ ಗೃಹಿಣಿ
ಯಾಕೆ ಮಾಲಕರದ್ದು? ಕಟ್ಟಿದವರು ಇವರು! ಬಾಡಿಗೆದಾರ ಅಂದ್ರೆ ಎಲ್ಲದಕ್ಕೂ ಕೊಡೋನು, ಯಾವುದನ್ನೂ ವಾಪಸ್ ಕೇಳಬಾರದವನು ಅಂತಲಾ? ನಾವೂ ಹತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವರು. ಈ ನ್ಯಾಯ ನನಗೆ ಒಪ್ಪಿಗೆ ಇಲ್ಲ.

ಕೋರ್ಟ್ ರಸ್ತೆ
ಇಬ್ಬರದ್ದೂ ಅರ್ಧ ಸರಿ. ಕಂಪನಿಯ ಲೆಡ್ಜರಿನಲ್ಲಿ ಗ್ರಾಹಕ ಅಂದ್ರೆ ಮಾಲಕರು, ಜಮಾ ಆದದ್ದು ಅವರ ಖಾತೆಗೆ. ಕಚೇರಿ ನಿಮಗೆ ನೇರ ಕೊಡೋದಿಲ್ಲ. ಆದರೆ ಆ ಆಸ್ತಿಯ ಮೇಲೆ ಉಳಿದ ಠೇವಣಿಯ ಲಾಭ ಮಾಲಕರಿಗೆ ಸಿಕ್ಕಿದೆ, ಹಾಗಾಗಿ ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡುವಾಗ ಅದನ್ನೂ ಸೇರಿಸಿ ಕೊಡಬೇಕು ಅಂತ ನೀವು ಅವರಲ್ಲಿ ಕೇಳಬಹುದು. ನೀವು ಕಟ್ಟಿದ್ದಕ್ಕೆ ಫೋನ್‌ಪೇ ದಾಖಲೆ ಇರ್ತದೆ, ತೋರಿಸಿ. ಇನ್ನು ಮುಂದೆ ಬಾಡಿಗೆ ಕರಾರಿನಲ್ಲೇ ಈ ಒಂದು ಸಾಲು ಬರೆಸಿಕೊಳ್ಳಿ.

ಮಲ್ಲಾಪುರ ಕ್ವಾರ್ಟರ್ಸ್
ಮಾಲಕರು ಒಳ್ಳೆಯವರೇ. ಮಾತಾಡಿ ನೋಡ್ತೇನೆ.

ಶಿರಸಿ ಅಡಿಕೆ
ಮನೆ ಮಾರಿದವರೂ ಇದನ್ನು ಮರೆಯಬೇಡಿ. ನಮ್ಮ ದಾಯಾದಿಗಳು ಪೇಟೆ ಮನೆ ಮಾರಿದಾಗ, ಮೀಟರ್ ಹೆಸರು ಬದಲಾವಣೆಗೆ ಅಂತ ಕೊಂಡವರು ತಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಅದರಲ್ಲೇ "ಠೇವಣಿಯನ್ನೂ ಇವರ ಹೆಸರಿಗೆ ವರ್ಗಾಯಿಸಲು ನನ್ನ ಅಭ್ಯಂತರವಿಲ್ಲ" ಅಂತ ಇತ್ತು. ಓದದೆ ಸಹಿ ಹಾಕಿದ್ದು. ಕೊಂಡವರ ಮೋಸ ಅಂತಲ್ಲ, ಪತ್ರ ಇರೋದೇ ಹಾಗೆ. ಮಾರುವಾಗಲೇ ಆ ಮೊತ್ತ ಎಷ್ಟು ಅಂತ ನೋಡಿ ಕ್ರಯದ ಮಾತುಕತೆಯಲ್ಲಿ ಸೇರಿಸಿಕೊಳ್ಳಬೇಕು. ಹಾಗೆಯೇ ಮನೆ ಕಟ್ಟುವಾಗ ತಗೊಂಡ ತಾತ್ಕಾಲಿಕ ಸಂಪರ್ಕಕ್ಕೆ ಮುಂಗಡ ಕಟ್ಟಿರ್ತೀರಿ. ಗೃಹಪ್ರವೇಶದ ಗಡಿಬಿಡಿಯಲ್ಲಿ ಅದರ ಉಳಿಕೆ ಕೇಳೋದನ್ನೇ ಎಲ್ಲ ಮರೀತಾರೆ.

ಬೈತಖೋಲ್
ಗ್ಯಾಸ್ ಸಿಲಿಂಡರಿಗೂ ಹೀಗೇ ಅಲ್ವಾ? ಅಜ್ಜಿ ಹೋದ ಮೇಲೆ ಎರಡು ಖಾಲಿ ಸಿಲಿಂಡರ್ ಹಿತ್ತಲಲ್ಲಿ ಬಿದ್ದಿವೆ. ಈಗ ಒಂದಕ್ಕೆ ಠೇವಣಿ 2,200 ಅಂತೆ. ಎರಡಕ್ಕೆ 4,400 ಬಂತಲ್ಲ!

ಕಾಜುಬಾಗ್ ಗೃಹಿಣಿ
ಬರೋದಿಲ್ಲ. 2,200 ಆದದ್ದು 2022ರ ಜೂನ್‌ನಲ್ಲಿ, ಅದಕ್ಕೆ ಮುಂಚೆ 1,450 ಇತ್ತು. ವಾಪಸ್ ಕೊಡೋದು ಈಗಿನ ದರ ಅಲ್ಲ, ಸಂಪರ್ಕ ತಗೊಂಡಾಗ ಎಸ್‌ವಿ (ಸಬ್‌ಸ್ಕ್ರಿಪ್ಶನ್ ವೋಚರ್) ಚೀಟಿಯಲ್ಲಿ ಬರೆದ ಮೊತ್ತ. ಸಿಲಿಂಡರ್, ರೆಗ್ಯುಲೇಟರ್, ಎಸ್‌ವಿ ತಗೊಂಡು ಏಜೆನ್ಸಿಗೆ ಹೋಗಿ, ಸಂಪರ್ಕ ಮುಚ್ಚಿ ಟಿವಿ (ಟರ್ಮಿನೇಶನ್ ವೋಚರ್) ಚೀಟಿ ಕೊಡ್ತಾರೆ. ನಮ್ಮತ್ತೆಯದ್ದು ನಾನೇ ಮುಗಿಸಿದ್ದು. ಖಾಲಿ ಸಿಲಿಂಡರ್ ಗುಜರಿಗೆ ಮಾತ್ರ ಹಾಕಬೇಡಿ, ಅದು ಕಂಪನಿಯ ಸ್ವತ್ತು.

ಬೈತಖೋಲ್
ಎಸ್‌ವಿ ಅಂದ್ರೆ ಆ ಹಳದಿ ಆಗಿರೋ ಕಾಗದವಾ? ಅದು ದೇವರ ಕೋಣೆಯಲ್ಲಿ ಅದೆ. ನೋಡ್ತೇನೆ.

ದಾಂಡೇಲಿ ಕಾಡು
ಲ್ಯಾಂಡ್‌ಲೈನ್ ಠೇವಣಿ ಇದ್ದವರು ಯಾರಾದರೂ ಇದ್ದೀರಾ? ಅಪ್ಪಂದು ಎಸ್‌ಟಿಡಿ ಬೂತ್ ಇತ್ತು. ಫೋನ್ ಸರೆಂಡರ್ ಮಾಡಿದ ಚೀಟಿ ಇದೆ, ದುಡ್ಡು ಬಂದ ನೆನಪಿಲ್ಲ.

ಯಲ್ಲಾಪುರ ಘಟ್ಟ
ಸಂಪರ್ಕ ಮುಚ್ಚಿದ ಮೇಲೆ 60 ದಿನದೊಳಗೆ ಠೇವಣಿ ವಾಪಸ್ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2009ರ ನಿಯಮದಲ್ಲೇ ಇತ್ತು. ಚೀಟಿ ಇದೆ ಅಂದ್ರೆ ನಿಮ್ಮದು ಗಟ್ಟಿ. ಅಪ್ಪನ ಬ್ಯಾಂಕ್ ಪಾಸ್‌ಬುಕ್ ತೆಗೆದು ಆ ವರ್ಷದ ಜಮೆಗಳನ್ನು ಮೊದಲು ನೋಡಿ. ಬಂದಿದ್ದನ್ನೇ ಮರೆತಿರಬಹುದು. ಬಂದಿಲ್ಲ ಅಂದ್ರೆ ಚೀಟಿಯ ನಕಲು ಲಗತ್ತಿಸಿ ಅರ್ಜಿ ಕೊಡಿ.

ಹೊನ್ನಾವರ ಬಂದರು
ಇದಕ್ಕೆಲ್ಲ ಈಗ ಒಂದೇ ವೆಬ್‌ಸೈಟ್ ಅದೆ ಅಲ್ವಾ? ರಿಸರ್ವ್ ಬ್ಯಾಂಕಿನ ಉದ್ಗಮ್. ಹೆಸರು ಹೊಡೆದರೆ ಎಲ್ಲ ಹಳೆ ದುಡ್ಡೂ ಬರ್ತದೆ.

ಕೋರ್ಟ್ ರಸ್ತೆ
ಇಲ್ಲ. ಉದ್ಗಮ್ 2023ರ ಆಗಸ್ಟ್‌ನಲ್ಲಿ ಬಂದದ್ದು, ಬ್ಯಾಂಕ್ ಖಾತೆಗಳಿಗೆ ಮಾತ್ರ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗ್ತದೆ, ಅದನ್ನು ಹುಡುಕಲಿಕ್ಕೆ ಅದು. ಕರೆಂಟ್ ಠೇವಣಿ, ಗ್ಯಾಸ್ ಠೇವಣಿ ಅಲ್ಲಿ ಸಿಗೋದಿಲ್ಲ. ಅಲ್ಲಿ ಹೆಸರು ಬರಲಿಲ್ಲ ಅಂತ ಆಸೆ ಬಿಡಬೇಡಿ.

ಅಂಕೋಲಾ ಗದ್ದೆ
ನನಗೆ ನಿನ್ನೆ ಮೆಸೇಜ್ ಬಂದಿದೆ: "ನಿಮ್ಮ ವಿದ್ಯುತ್ ರಿಫಂಡ್ ರೂ. 4,870 ಮಂಜೂರಾಗಿದೆ, ಈ ಲಿಂಕ್ ಒತ್ತಿ." ಒತ್ತಬಹುದಾ?

ಹಳೆ ಮೀಟರ್ ರೀಡರ್
ಒತ್ತಬೇಡ!

ಕಾಜುಬಾಗ್ ಗೃಹಿಣಿ
ದಯವಿಟ್ಟು ಬೇಡ ತಮ್ಮ. ನಮ್ಮ ಓಣಿಯಲ್ಲೇ ಒಬ್ಬ ಹಿರಿಯರು "ಇವತ್ತು ರಾತ್ರಿ ಕರೆಂಟ್ ಕಟ್" ಅನ್ನೋ ಮೆಸೇಜ್ ನಂಬಿ ಪಿಂಚಣಿ ದುಡ್ಡು ಕಳಕೊಂಡರು. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಬೇಡವೇ ಬೇಡ, ಪಿನ್ ಕೇಳಿದರು ಅಂದ್ರೆ ಅದು ನಿಮ್ಮ ಖಾತೆಯಿಂದ ಹೋಗೋ ದುಡ್ಡು. ಸಂಶಯ ಬಂದರೆ ಕರೆಂಟಿನ ಸಹಾಯವಾಣಿ 1912ಕ್ಕೆ ನೀವೇ ಫೋನ್ ಮಾಡಿ ಕೇಳಿ. ಒತ್ತಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಅಂಕೋಲಾ ಗದ್ದೆ
ಅಳಿಸಿ ಹಾಕಿದೆ ಅಕ್ಕ. ಧನ್ಯವಾದ.

ಅರಗದ ಹಳಬ
ಇದನ್ನೆಲ್ಲ ಓದ್ತಾ ನನಗೊಂದು ವಿಷಯ ಎದೆಗೆ ತಾಗಿತು. ನಮ್ಮ ಮನೆ ಅರಗದಲ್ಲಿತ್ತು, ಸೀಬರ್ಡ್ ನೌಕಾನೆಲೆಗೆ ಹೋಯಿತು. ಮನೆ, ಗದ್ದೆ, ತೆಂಗಿನ ಮರಗಳಿಗೆ ಪರಿಹಾರದ ಹೋರಾಟ ವರ್ಷಗಟ್ಟಲೆ ನಡೆಯಿತು, ಕೋರ್ಟು ಕಚೇರಿ ಎಲ್ಲ ಆಯಿತು. ಆದರೆ ಗೋಡೆ ಮೇಲಿದ್ದ ಮೀಟರಿಗೆ ಕಟ್ಟಿದ ಠೇವಣಿ ಬಗ್ಗೆ ನಮ್ಮಲ್ಲಿ ಒಬ್ಬರೂ ಬಾಯಿ ಬಿಟ್ಟಿದ್ದು ನೆನಪಿಲ್ಲ. ಊರೇ ಬಿಡುವಾಗ ಅದು ಯಾರಿಗೆ ನೆನಪಾಗ್ತದೆ? ಈಗ ಹೊಸ ಊರಿನಲ್ಲಿ ಹೊಸ ಮೀಟರು, ಹೊಸ ಠೇವಣಿ. ಹಳೆಯದ್ದು ಅಲ್ಲೇ ಯಾವುದೋ ಲೆಡ್ಜರಿನಲ್ಲಿ ಮಲಗಿದೆ.

ಯಲ್ಲಾಪುರ ಘಟ್ಟ
ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕ, ಕದ್ರಾದಲ್ಲಿ 150, ಗೇರುಸೊಪ್ಪದಲ್ಲಿ 240. ಇಷ್ಟು ಕರೆಂಟಿಗೆ ಊರು, ಕಾಡು, ಹೊಳೆ ಕೊಟ್ಟ ಜಿಲ್ಲೆ ನಮ್ಮದು. ಆಷಾಢದಲ್ಲಿ ಮರ ಬಿದ್ದರೆ ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಮೂರು ದಿನ ದೀಪ ಇಲ್ಲ. ನಾವು ಕಟ್ಟಿಟ್ಟ ದುಡ್ಡನ್ನಾದರೂ ನಾವು ಕೇಳಬೇಕು.

ಕುಮಟಾ ಪೇಟೆ
ವಿಷಯ ಎಲ್ಲಿಗೋ ಹೋಯಿತು. ಆದರೆ ಮಾತು ನಿಜ.

ಕೋರ್ಟ್ ರಸ್ತೆ
ಅರಗದವರೇ, ಕೋಡಿಬಾಗದವರೇ, ಇಬ್ಬರಿಗೂ ಅನ್ವಯಿಸುವ ದಾರಿ ಒಂದಿದೆ. ಅರ್ಜಿಗೆ ಉತ್ತರ ಬರಲಿಲ್ಲ ಅಂದ್ರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ "ಈ ಸ್ಥಾವರದ ಠೇವಣಿ ಲೆಡ್ಜರ್ ಹಾಳೆಯ ದೃಢೀಕೃತ ನಕಲು ಕೊಡಿ" ಅಂತ ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಹಾಗಾಗಿ ಕಥೆ ಬರೆಯಬೇಡಿ. 30 ದಿನದಲ್ಲಿ ಉತ್ತರ ಕೊಡಬೇಕು. ದಾಖಲೆ ಸಿಕ್ಕಿಯೂ ದುಡ್ಡು ಕೊಡಲಿಲ್ಲ ಅಂದ್ರೆ ವಿದ್ಯುತ್ ಕಾಯ್ದೆಯ 42(5)ರ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ.

ಹೊನ್ನಾವರ ಬಂದರು
ಇಷ್ಟೆಲ್ಲ ಓಡಾಡೋ ಬದಲು ಏಜೆಂಟರಿಗೆ ಕೊಡಿ. ನೂರಕ್ಕೆ ಇಪ್ಪತ್ತು ತಗೊಂಡು ಮಾಡಿಸಿ ಕೊಡ್ತಾರೆ.

ಹಳೆ ಮೀಟರ್ ರೀಡರ್
ಬೇಡ. ಒಂದು ಹಾಳೆ ಅರ್ಜಿ ಬರೆಯೋದಕ್ಕೆ ಇಪ್ಪತ್ತು ಪಾಲು ಯಾಕೆ ಕೊಡಬೇಕು? ಅಕ್ಷರ ಬಾರದವರಿದ್ದರೆ ನನ್ನ ಹತ್ತಿರ ಬರಲಿ, ನಾನು ಬರೆದು ಕೊಡ್ತೇನೆ. ಮೂಲ ರಸೀದಿಯನ್ನಂತೂ ಏಜೆಂಟರ ಕೈಗೆ ಕೊಡಲೇಬೇಡಿ.

ಕೋಡಿಬಾಗದವಳು
ಎಲ್ಲರಿಗೂ ಒಂದು ಸುದ್ದಿ. ಹಲಗೆ ಸಿಕ್ಕಿತು!

ಆಯಿ ಅದನ್ನು ಅಡಿಗೆ ಕೋಣೆಯ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿಗಳ ಕೆಳಗೆ ಹಾಸಿದ್ದಳು. ಗಿರಣಿ ಕೆಡವೋ ದಿನ ಅಪ್ಪ ತಂದದ್ದಂತೆ, ಸಾಗವಾನಿ ಹಲಗೆ ಬಿಸಾಡೋದು ಯಾಕೆ ಅಂತ. ಭರಣಿ ಎತ್ತಿ ಒರೆಸಿದರೆ ಎಣ್ಣೆ ಕಲೆಯ ನಡುವೆ ಬಿಳಿ ಬಣ್ಣದ ಅಕ್ಷರ ಎರಡು, ಅಂಕಿ ಮೂರು. ಕೊನೆಯ ಅಂಕಿ ಒಂದೋ ಏಳೋ ಅಂತ ಸ್ಪಷ್ಟ ಇಲ್ಲ. ಪಕ್ಕದ ಸೈಕಲ್ ಅಂಗಡಿಯವರ ಮಗನಲ್ಲಿ ಹಳೆ ಬಿಲ್ ಕೇಳಿದೆ. ಅವರದ್ದು ಆರರಲ್ಲಿ ಮುಗೀತದೆ. ಹಾಗಾದ್ರೆ ನಮ್ಮದು ಏಳು.

ಎರಡೂ ಬರೆದು ಕಚೇರಿಗೆ ಅರ್ಜಿ ಕೊಟ್ಟೆ, ಮೊಹರು ಹಾಕಿಸಿಕೊಂಡೆ. ಈ ಸಲ ಅಲ್ಲಿದ್ದ ಹುಡುಗಿ ತಾನೇ ಎದ್ದು ಹೋಗಿ ಲೆಡ್ಜರ್ ತಂದಳು. ಅಪ್ಪನ ಹೆಸರು ಇತ್ತು! ಠೇವಣಿ ಒಂದಲ್ಲ, ಮೂರು: 1991ರಲ್ಲಿ ಐದು ಎಚ್‌ಪಿ ಮೋಟರಿಗೆ 1,250, 1996ರಲ್ಲಿ ಅದನ್ನು ಏಳೂವರೆ ಮಾಡಿದಾಗ 1,010, 2009ರಲ್ಲಿ ಹೆಚ್ಚುವರಿ ಠೇವಣಿ 6,200. ಒಟ್ಟು 8,460. ಮಸಾಲೆ ಪುಡಿ ಮಾಡಲಿಕ್ಕೆ ದೊಡ್ಡ ಮೋಟರ್ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ವರ್ಷ ನಾನು ಏಳನೇ ಕ್ಲಾಸು, ಮೆಣಸಿನ ಘಾಟಿಗೆ ಗಿರಣಿಯೊಳಗೆ ಕೂತು ಓದಲಿಕ್ಕೆ ಆಗ್ತಿರಲಿಲ್ಲ.

ಹಳೆ ಮೀಟರ್ ರೀಡರ್
ಭಾರಿ ಖುಷಿ ಆಯಿತು ತಂಗಿ. ಹಲಗೆಯ ಫೋಟೋ ತೆಗೆದು ಇಟ್ಟುಕೋ.

ಕಾಜುಬಾಗ್ ಗೃಹಿಣಿ
ಕಣ್ಣು ತುಂಬಿ ಬಂತು.

ಕೋರ್ಟ್ ರಸ್ತೆ
ಬಡ್ಡಿಯನ್ನೂ ಅರ್ಜಿಯಲ್ಲಿ ಕೇಳಿದ್ದೀರಾ? ಕೇಳದಿದ್ದರೆ ಇನ್ನೊಂದು ಪತ್ರ ಕೊಡಿ. ವಾರಸುದಾರಿಕೆಗೆ ಏನು ಕೇಳಿದರು?

ಕೋಡಿಬಾಗದವಳು
ಬಡ್ಡಿ ಬರೆದಿದ್ದೇನೆ ಸರ್, ಕಲಂ ಸಮೇತ. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನನ್ನದೂ ಅಣ್ಣನದ್ದೂ ಆಕ್ಷೇಪಣೆ ಇಲ್ಲ ಅಂತ ಪತ್ರ, ಆಯಿಯ ಪಾಸ್‌ಬುಕ್ ನಕಲು ಕೇಳಿದ್ದಾರೆ. ಆಯಿಯ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಬುಕ್ಕಲ್ಲಿ ಇನ್ನೊಂದು ರೀತಿ ಇದೆ, ಅದನ್ನು ಸರಿ ಮಾಡಿಸಲಿಕ್ಕೆ ನಾಳೆ ಬ್ಯಾಂಕಿಗೆ ಹೋಗ್ತೇವೆ. ಅಣ್ಣ ಪುಣೆಯಿಂದ ಪತ್ರ ಕಳಿಸ್ತಾನೆ. ದುಡ್ಡು ಕೈಗೆ ಬಂದ ದಿನ ಇಲ್ಲೇ ಬರೀತೇನೆ.

ಬೈತಖೋಲ್
ಅಜ್ಜಿಯ ಎಸ್‌ವಿ ಸಿಕ್ಕಿತು. ಒಂದು ಸಿಲಿಂಡರಿಗೆ ಬರೆದದ್ದು 900. ಅದಾದರೂ ಅಜ್ಜಿಯದ್ದೇ ಅಲ್ವಾ, ಸೋಮವಾರ ಹೋಗ್ತೇನೆ.

ಅರಗದ ಹಳಬ
ನಮ್ಮ ಹಲಗೆ ಮನೆಯ ಜೊತೆಗೇ ಹೋಯಿತು. ಆದರೆ ಅರಗದಲ್ಲಿ ನಮ್ಮ ಬಲಗಡೆ ಮನೆಯವರು ಈಗ ತೋಡೂರಿನಲ್ಲಿದ್ದಾರೆ. ಆ ಮನೆಯ ಅಜ್ಜಿ ಯಾವ ಕಾಗದವನ್ನೂ ಬಿಸಾಡಿದವಳಲ್ಲ. ನಾಳೆ ಬೆಳಿಗ್ಗೆ ಹೋಗಿ ಅವರ ಹಳೆ ಬಿಲ್ಲು ಕೇಳ್ತೇನೆ.